ಮರವಿಲ್ಲದ ಬೆಟ್ಟವೆಲ್ಲ ಬೋಳು ಬೆಟ್ಟವಲ್ಲ

ಜೂನ್ ಮೊದಲ ವಾರ ಹಿಮಾಲಯದ ಚಾರಣ ಮುಗಿಸಿ ಬಂದ ಪಕ್ಕದ ಮನೆ ಹುಡುಗ ನಮ್ಮ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಫೋಟೊ ತೋರಿಸುತ್ತಿದ್ದ. ಉತ್ತರಾಖಂಡದ ದಯಾರಾ ಬುಗ್ಯಾಲ್. ಕಣ್ಣು ಹಾಯುವಷ್ಟು ದೂರ ಹುಲ್ಲು, ಅದರಾಚೆ ಹಿಮದ ಶಿಖರಗಳು. ನಡುವೆ ಹುಡುಕಿದರೂ ಒಂದು ಮರವಿಲ್ಲ. ಅವರಮ್ಮ ಫೋನ್ ಇಸಿದುಕೊಂಡು ಒಂದೊಂದೇ ಚಿತ್ರ ಸರಿಸಿ ನೋಡಿದರು. "ಅಲ್ಲೂ ಎಲ್ಲಾ ಕಡಿದು ಹಾಕವ್ರಲ್ಲ ಮೇಷ್ಟ್ರೇ. ಒಂದಷ್ಟು ಗಿಡ ನೆಡಬಾರದಾ?" ಎಂದರು.

ಚಿಕ್ಕಬಳ್ಳಾಪುರದವರಿಗೆ ಹೀಗನ್ನಿಸುವುದು ಸಹಜ. ಸೌದೆಗೆ, ಇದ್ದಿಲಿಗೆ, ಹೊಲಕ್ಕೆ ಎಂದು ಕಾಡು ಕರಗಿದ್ದನ್ನು ಕಂಡ ಊರು ನಮ್ಮದು. ಮರವಿಲ್ಲ ಅಂದರೆ ಯಾರೋ ಕಡಿದಿದ್ದಾರೆ ಎಂದೇ ಅರ್ಥ. ಅದಕ್ಕೇ ಮುಂಗಾರು ಶುರುವಾದರೆ ಶಾಲೆ ಮಕ್ಕಳು, ಸಂಘದವರು ಬೀಜದುಂಡೆ ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ. ಆ ವಾರವೂ ನಮ್ಮ ಬೀದಿಯಲ್ಲಿ ಎರಡು ಮಂಕರಿ ತುಂಬ ಬೀಜದುಂಡೆ ಒಣಗುತ್ತಿದ್ದವು, ಸ್ಕಂದಗಿರಿ ನೆತ್ತಿಯ ಮೇಲೆ ಎಸೆಯಲೆಂದು. ಹೀಗಾಗಿ ಆ ತಾಯಿಯ ಪ್ರಶ್ನೆಗೆ ಹಿಮಾಲಯದಿಂದ ಶುರುಮಾಡಿ ನಮ್ಮ ಹಾಸುಬಂಡೆಯವರೆಗೆ ಬಂದು ಉತ್ತರ ಹೇಳಬೇಕಾಯಿತು. ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮರಗಳು ಎಲ್ಲಿಗೆ ನಿಲ್ಲುತ್ತವೆ

ಚಿಕ್ಕಬಳ್ಳಾಪುರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ನಂದಿಬೆಟ್ಟದ ತುದಿ 1478 ಮೀಟರ್. ಬೆಳಗಿನ ಜಾವ ಬೈಕಿನಲ್ಲಿ ನಂದಿ ಹತ್ತಿದವರಿಗೆಲ್ಲ ಗೊತ್ತು, ತಿರುವು ಕಳೆದಂತೆ ಚಳಿ ಏರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗಿ ತಣ್ಣಗಾಗುತ್ತದೆ. ಸರಾಸರಿ ಲೆಕ್ಕ ಇಷ್ಟೇ: ಪ್ರತಿ 1000 ಮೀಟರಿಗೆ ಆರೂವರೆ ಡಿಗ್ರಿ ಇಳಿಕೆ. ಹಾಗೆ ನೋಡಿದರೆ ನಮ್ಮೂರಿಗೂ ನಂದಿಗೂ ಮೂರೂವರೆ ಡಿಗ್ರಿಯಷ್ಟು ಅಂತರ.

ಇದೇ ಲೆಕ್ಕವನ್ನು ಮುಂದುವರಿಸಿ. ದಯಾರಾ ಬುಗ್ಯಾಲ್ ಇರುವುದು 3400 ಮೀಟರಿಗೂ ಮೇಲೆ. ಅದು ನಮಗಿಂತ ಎಷ್ಟೋ ಉತ್ತರಕ್ಕಿದೆ ಎನ್ನುವುದನ್ನು ಬದಿಗಿಟ್ಟರೂ, ಬರೀ ಎತ್ತರದ ಕಾರಣಕ್ಕೇ ಅಲ್ಲಿ ನಮಗಿಂತ ಹದಿನಾರು ಡಿಗ್ರಿ ಕಡಿಮೆ. ದಾರಿಯಲ್ಲಿ ಹುಡುಗ ಕಂಡದ್ದೂ ಅದನ್ನೇ: ಮೊದಲು ಓಕ್ ಕಾಡು, ಮೇಲೆ ಮೇಲೆ ಹೋದಂತೆ ಫರ್, ಭೋಜಪತ್ರೆ, ಕೆಂಪು ಹೂವಿನ ಬುರಾಂಶ್; ಕೊನೆಗೆ ಮರಗಳು ಕುಳ್ಳಗಾಗಿ, ಸೊಟ್ಟಗಾಗಿ, ಯಾರೋ ದಾರ ಹಿಡಿದು ಗೆರೆ ಎಳೆದ ಹಾಗೆ ನಿಂತೇ ಹೋದವು. ಆ ಗೆರೆಗೆ ವೃಕ್ಷರೇಖೆ ಎನ್ನುತ್ತಾರೆ. ಉತ್ತರಾಖಂಡದಲ್ಲಿ ಅದು ಹೆಚ್ಚುಕಡಿಮೆ 3300ರಿಂದ 3600 ಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ಟಿಬೆಟ್‌ನಲ್ಲಿ ಜೂನಿಪರ್ ಮರಗಳು 4900 ಮೀಟರಿನವರೆಗೂ ಹತ್ತಿವೆ. ವೃಕ್ಷರೇಖೆಯಿಂದ ಮೇಲೆ, ಶಾಶ್ವತ ಹಿಮಕ್ಕಿಂತ ಕೆಳಗೆ ಇರುವ ಹುಲ್ಲು, ಹೂವು, ಕಲ್ಲಿನ ಪಟ್ಟಿಗೆ ಆಲ್ಪೈನ್ ವಲಯ ಎಂದು ಹೆಸರು. ಗಢ್ವಾಲದವರು ತಮ್ಮ ಮಾತಿನಲ್ಲಿ ಆ ಹುಲ್ಲುಗಾವಲನ್ನು ಬುಗ್ಯಾಲ್ ಎನ್ನುತ್ತಾರೆ. ಅದು ಕಡಿದ ಕಾಡಲ್ಲ.

ಹೆಪ್ಪು ಕೂರದ ಹಾಲು

ಸರಿ, ಚಳಿ ಇದೆ. ಆದರೆ ಹುಲ್ಲಿಗೆ ಆಗದ ತೊಂದರೆ ಮರಕ್ಕೆ ಏಕೆ?

ಬಹುಕಾಲ ಜನ ಅಂದುಕೊಂಡಿದ್ದು, ಚಳಿಯಲ್ಲಿ ಎಲೆಗಳು ಆಹಾರ ತಯಾರಿಸಲಾರವು, ಮರ ಉಪವಾಸ ಬೀಳುತ್ತದೆ ಎಂದು. ಹಾಗಲ್ಲ. ಸೊನ್ನೆ ಡಿಗ್ರಿಯ ಹತ್ತಿರದಲ್ಲೂ ಎಲೆ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯನ್ನು ಕಾಂಡವಾಗಿ, ಬೇರಾಗಿ, ಹೊಸ ಕೊಂಬೆಯಾಗಿ ಕಟ್ಟುವ ಕೆಲಸ ಮಾತ್ರ ನಿಂತುಬಿಡುತ್ತದೆ. ಡಿಸೆಂಬರಿನಲ್ಲಿ ನಮ್ಮ ಮನೆಗಳಲ್ಲಿ ಮೊಸರು ಹೆಪ್ಪು ಕೂರುವುದಿಲ್ಲವಲ್ಲ, ಹಾಗೆ. ಹಾಲಿದೆ, ಹೆಪ್ಪಿದೆ, ಪಾತ್ರೆಯಿದೆ, ಬೆಚ್ಚಗಿಲ್ಲ, ಅಷ್ಟೇ. ಪಾತ್ರೆಗೆ ಬಟ್ಟೆ ಸುತ್ತಿ ಒಲೆ ಪಕ್ಕ ಇಟ್ಟರೆ ಕೂರುತ್ತದೆ. ಮರಕ್ಕೆ ಬಟ್ಟೆ ಸುತ್ತುವವರಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಕ್ರಿಸ್ಟಿಯಾನ್ ಕೋರ್ನರ್ ಮತ್ತು ಅವರ ಜೊತೆಗಾರರು ಪ್ರಪಂಚದ ಹಲವು ಬೆಟ್ಟಗಳ ವೃಕ್ಷರೇಖೆಯ ಬಳಿ ಮಣ್ಣಿನಲ್ಲಿ ಉಷ್ಣಮಾಪಕ ಹೂತಿಟ್ಟು ಅಳೆದರು. ಬೆಟ್ಟ ಯಾವ ದೇಶದ್ದೇ ಇರಲಿ, ಬೆಳೆಯುವ ತಿಂಗಳುಗಳ ಸರಾಸರಿ ಆರು ಡಿಗ್ರಿಯ ಆಸುಪಾಸು ಬಂದಲ್ಲಿ ಮರಗಳು ನಿಂತಿದ್ದವು. ಇಂಥ ದೊಡ್ಡ ಜಗತ್ತಿನಲ್ಲಿ ಇಷ್ಟು ಸರಳವಾದ ಲೆಕ್ಕ ಸಿಗುವುದು ಅಪರೂಪ.

ಇನ್ನು ಹುಲ್ಲು, ಪುಟ್ಟ ಗಿಡಗಳು ಹೇಗೆ ಬದುಕುತ್ತವೆ ಎಂದರೆ, ಅವು ಎದ್ದು ನಿಲ್ಲುವುದಿಲ್ಲ. ಮರದ ತಲೆ ಗಾಳಿಯಲ್ಲಿರುತ್ತದೆ, ಬಿಸಿಲು ಕೊಟ್ಟ ಕಾವನ್ನು ಗಾಳಿ ಹೊತ್ತೊಯ್ಯುತ್ತದೆ. ನೆಲಕ್ಕಂಟಿದ ಗಿಡಕ್ಕೆ ನೆಲದ ಕಾವು ಸಿಗುತ್ತದೆ. ಪಾವಗಡ, ಶಿರಾ ಕಡೆ ಚಳಿಗಾಲದ ರಾತ್ರಿ ಕುರಿಮಂದೆ ಕಾಯುವವರನ್ನು ನೋಡಿದ್ದೀರಾ? ಕಂಬಳಿ ಕೊಪ್ಪೆ ಹಾಕಿ, ಮೊಣಕಾಲು ಎದೆಗೆ ಸೇರಿಸಿ, ಮುದುಡಿ ಕೂತಿರುತ್ತಾರೆ. ಆಲ್ಪೈನ್ ಗಿಡಗಳದೂ ಅದೇ ಭಂಗಿ. ಕೆಲವಂತೂ ದಿಂಬಿನ ಹಾಗೆ ಗುಂಡಗೆ, ಒತ್ತಾಗಿ ಬೆಳೆಯುತ್ತವೆ. ಬಿಸಿಲಿರುವ ಮಧ್ಯಾಹ್ನ ಅಂಥ ದಿಂಬುಗಿಡದ ಒಳಗೆ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಬೆಚ್ಚಗಿರುತ್ತದೆ. ಪುಟ್ಟ ಹುಳುಗಳು, ಬೇರೆ ಗಿಡಗಳ ಸಸಿಗಳು ಅದರೊಳಗೆ ಆಶ್ರಯ ಪಡೆಯುತ್ತವೆ.

ಅಸಲಿ ಬ್ರಹ್ಮಕಮಲ

ಇಲ್ಲೊಂದು ಮಾತು ಹೇಳಿಬಿಡಬೇಕು. ನಮ್ಮ ಕಾಂಪೌಂಡುಗಳಲ್ಲಿ ಮಳೆಗಾಲದ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ, ಅಕ್ಕಪಕ್ಕದವರನ್ನೆಲ್ಲ ಕರೆದು ಆರತಿ ಎತ್ತುವ ಬ್ರಹ್ಮಕಮಲ ಮಧ್ಯ ಅಮೆರಿಕ ಕಡೆಯಿಂದ ಬಂದ ಒಂದು ಬಗೆಯ ಕಳ್ಳಿ. ಚೆಂದದ ಹೂವೇ, ಆದರೆ ಹೆಸರು ಬೇರೆಯವರದು. ಹಿಮಾಲಯದ ಬ್ರಹ್ಮಕಮಲ ಸೇವಂತಿಗೆ, ಸೂರ್ಯಕಾಂತಿಗಳ ಬಳಗಕ್ಕೆ ಸೇರಿದ್ದು. ಅದು ಬೆಳೆಯುವುದು ವೃಕ್ಷರೇಖೆಯ ಮೇಲೆ, ಕಲ್ಲು ಹುಲ್ಲಿನ ನಡುವೆ. ಉತ್ತರಾಖಂಡದ ರಾಜ್ಯಪುಷ್ಪವೂ ಅದೇ.

ಹುಡುಗನ ಹತ್ತಿರ ಅದರ ಚಿತ್ರ ಇರಲಿಲ್ಲ, ಅದು ಅರಳುವುದು ಮಳೆಗಾಲದಲ್ಲಿ. ನಾವು ದಳ ಎಂದುಕೊಳ್ಳುವ, ತಿಳಿಹಳದಿಯ, ಎಣ್ಣೆಕಾಗದದಂಥ ತೆಳು ಎಲೆಗಳು ದೋಣಿಯಂತೆ ಬಾಗಿ ಒಂದನ್ನೊಂದು ಮುಚ್ಚಿಕೊಂಡಿರುತ್ತವೆ. ನಿಜವಾದ ಹೂವು ಒಳಗೆ ನೇರಳೆ ಬಣ್ಣದ ಪುಟ್ಟ ಗೊಂಚಲಾಗಿ ಅಡಗಿರುತ್ತದೆ. ಹೊರಗಿನ ಹೊದಿಕೆ ಬೆಳಕನ್ನು ಬಿಟ್ಟು ಕಾವನ್ನು ಹಿಡಿದಿಡುತ್ತದೆ. ನಮ್ಮ ಜಿಲ್ಲೆಯ ರೈತರು ದಪ್ಪ ಮೆಣಸಿನಕಾಯಿಗೆ, ಗುಲಾಬಿಗೆ ಕಟ್ಟುವ ಪಾಲಿಹೌಸ್‌ನ ಕೆಲಸವೇ. ಇದೇ ಬಳಗದ ಇನ್ನೊಂದು ಗಿಡ ಫೇನಕಮಲ ಮೈತುಂಬ ಹತ್ತಿಯಂಥ ಬಿಳಿ ರೋಮ ಸುತ್ತಿಕೊಂಡು, ನೆತ್ತಿಯಲ್ಲಿ ಪುಟ್ಟ ಕಂಡಿ ಮಾತ್ರ ಬಿಟ್ಟಿರುತ್ತದೆ, ದುಂಬಿ ಒಳಗೆ ಹೋಗಲಿಕ್ಕೆ.

ಇಷ್ಟೆಲ್ಲ ತಯಾರಿ ಮೂರು ನಾಲ್ಕು ತಿಂಗಳಿಗಾಗಿ. ಉಳಿದ ಕಾಲ ಹಿಮ. ಆ ಹಿಮವೂ ಶತ್ರುವಲ್ಲ, ಹೊದಿಕೆ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಹಿಮದಡಿಯ ನೆಲ ಸೊನ್ನೆಯ ಹತ್ತಿರವೇ ಉಳಿಯಬಲ್ಲದು. ಹಿಮ ತೆಳುವಾಗಿ ಬಿದ್ದ ವರ್ಷ, ಕೇಳಲು ವಿಚಿತ್ರವಾದರೂ, ಗಿಡಗಳು ಚಳಿಗೆ ಹೆಚ್ಚು ಸಾಯುತ್ತವೆ.

ಹೆಜ್ಜೆ ಗುರುತು ಏಕೆ ಮಾಸುವುದಿಲ್ಲ

ಚಳಿಯ ಬೆಟ್ಟದಲ್ಲಿ ಎಲ್ಲವೂ ನಿಧಾನ. ಯುರೋಪು ಮತ್ತು ಉತ್ತರ ಅಮೆರಿಕದ ಬೆಟ್ಟಗಳಲ್ಲಿ ಮಾಸ್ ಕ್ಯಾಂಪಿಯನ್ ಎಂಬ ದಿಂಬುಗಿಡವಿದೆ. ಊಟದ ತಟ್ಟೆಯಷ್ಟು ಅಗಲವಾಗಲು ಅದಕ್ಕೆ ಹಲವು ದಶಕ ಬೇಕು, ನೂರು ವರ್ಷ ದಾಟಿದವೂ ಇವೆ. ಒಂದು ಬೂಟು ಅದನ್ನು ಸೀಳಲು ಒಂದು ಕ್ಷಣ ಸಾಕು. ಎಲೆ ಉದುರಿ ಕೊಳೆತು ಗೊಬ್ಬರವಾಗುವುದು ನಿಧಾನ, ಕಲ್ಲು ಸವೆದು ಮಣ್ಣಾಗುವುದು ಅದಕ್ಕಿಂತ ನಿಧಾನ. ಅಂಗೈ ದಪ್ಪದ ಮಣ್ಣಿನ ಹಿಂದೆ ನೂರಾರು, ಕೆಲವೆಡೆ ಸಾವಿರಾರು ವರ್ಷವಿದೆ.

ಆ ಮಣ್ಣನ್ನು ಹಿಡಿದಿಟ್ಟಿರುವುದು ಬೇರುಗಳ ಹೆಣಿಗೆ. ಕಂಬಳಿಯ ಅಂಚಿನಲ್ಲಿ ಒಂದು ಎಳೆ ಬಿಚ್ಚಿದರೆ ಏನಾಗುತ್ತದೆ ಎಂದು ನೇಕಾರರಿಗೆ ಹೇಳಬೇಕಿಲ್ಲ. ಬುಗ್ಯಾಲಿನಲ್ಲಿ ಅದು ಹೀಗೆ ನಡೆಯುತ್ತದೆ: ಕಾಲುದಾರಿ ಕೆಸರಾಯಿತೆಂದು ಚಾರಣಿಗರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಒಂದು ದಾರಿ ಮೂರಾಗುತ್ತದೆ. ಹುಲ್ಲು ಸತ್ತ ಜಾಗದಲ್ಲಿ ಮಣ್ಣು ಬಯಲಾಗುತ್ತದೆ. ರಾತ್ರಿ ಆ ಮಣ್ಣಿನ ತೇವ ಹೆಪ್ಪುಗಟ್ಟಿ ಸೂಜಿಯಂಥ ಹಿಮದ ಕಡ್ಡಿಗಳಾಗಿ ಮೇಲೇಳುತ್ತದೆ, ಏಳುವಾಗ ಮಣ್ಣಿನ ಕಣಗಳನ್ನೂ ಮೊಳೆತ ಸಸಿಗಳನ್ನೂ ಬೇರು ಸಮೇತ ಎತ್ತಿ ಹಾಕುತ್ತದೆ. ಬೆಳಿಗ್ಗೆ ಬಿಸಿಲಿಗೆ ಕರಗಿ ಮಣ್ಣು ಸಡಿಲವಾಗಿ ಕುಸಿಯುತ್ತದೆ. ಮೇಲೊಂದು ಮಳೆ ಬಂದರೆ ಕೊರಕಲು. ಮನುಷ್ಯ ಶುರುಮಾಡಿದ್ದನ್ನು ಮುಂದೆ ಚಳಿ, ನೀರುಗಳೇ ಮುಂದುವರಿಸುತ್ತವೆ. ಇನ್ನೊಬ್ಬರು ಕಾಲಿಡದಿದ್ದರೂ ಗಾಯ ದೊಡ್ಡದಾಗುತ್ತಲೇ ಇರುತ್ತದೆ.

ಇದೇ ಕಾರಣಕ್ಕೆ 2018ರ ಆಗಸ್ಟ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಬರುವವರ ಸಂಖ್ಯೆಗೆ 200ರ ಮಿತಿ ಹಾಕಿತು. ಹುಡುಗ ಹೋಗಿದ್ದ ದಯಾರಾದಲ್ಲೇ ಅರಣ್ಯ ಇಲಾಖೆ ಕೊರಕಲುಗಳಿಗೆ ತೆಂಗಿನ ನಾರಿನ ಜಾಲರಿ ಹಾಸಿ, ಒಣಗಿದ ಪೈನ್ ಸೂಜಿಯೆಲೆ ತುಂಬಿ ಮಣ್ಣು ನಿಲ್ಲಿಸುವ ಕೆಲಸ ಮಾಡಿದೆ. ತಿಪಟೂರು ಕಡೆ ನಾವು ದಿನಾ ನೋಡುವ ನಾರು ಅಷ್ಟೆತ್ತರದ ಬೆಟ್ಟದ ಗಾಯಕ್ಕೆ ಪಟ್ಟಿ ಆಗಿದೆ ಎಂದು ಕೇಳಿ ನನಗೆ ಮನಸ್ಸು ತುಂಬಿ ಬಂತು.

ಕುರಿ ದನಗಳ ವಿಷಯ ಇಷ್ಟು ನೇರವಲ್ಲ. ತಲೆಮಾರುಗಳಿಂದ ಬೇಸಿಗೆಗೆ ಮಂದೆ ಹೊಡೆದುಕೊಂಡು ಬುಗ್ಯಾಲಿಗೆ ಹೋಗುವವರು ಅಲ್ಲಿದ್ದಾರೆ. ದಯಾರಾದಲ್ಲಿ ಪ್ರತಿ ಆಗಸ್ಟ್‌ನಲ್ಲಿ ರೈಥಲ್ ಊರಿನವರು ಒಬ್ಬರಿಗೊಬ್ಬರು ಬೆಣ್ಣೆ ಮಜ್ಜಿಗೆ ಎರಚಿ ಹಬ್ಬವನ್ನೇ ಮಾಡುತ್ತಾರೆ. ಮಂದೆ ಮಿತಿಮೀರಿದರೆ ಹುಲ್ಲು ಸವೆಯುತ್ತದೆ, ನಿಜ. ಆದರೆ ಉತ್ತರಾಖಂಡದ್ದೇ ಆದ ಹೂಗಳ ಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಮೇಯಿಸುವುದು ನಿಂತ ಮೇಲೆ ಆಳೆತ್ತರದ ಒಂದು ಗಿಡ ಹಬ್ಬಿ ಸಣ್ಣ ಹೂಗಿಡಗಳನ್ನು ಮುಚ್ಚತೊಡಗಿತು. ಈಗ ಕೂಲಿಯಾಳು ಹಚ್ಚಿ ಅದನ್ನು ಕೀಳಿಸುತ್ತಿದ್ದಾರೆ. ಮೇಯಿಸುವುದು ನಿಂತದ್ದೇ ಕಾರಣವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹೆಚ್ಚು ಕಳವಳದ್ದು ಕೀಡಾ ಜಡಿ. ನೆಲದಡಿ ಬದುಕುವ ಒಂದು ಪತಂಗದ ಮರಿಹುಳಕ್ಕೆ ಶಿಲೀಂಧ್ರ ಹತ್ತಿ, ಹುಳ ಸತ್ತು, ಅದರ ತಲೆಯಿಂದ ಬೆಂಕಿಕಡ್ಡಿ ಗಾತ್ರದ ಕಂದು ಮೊಳಕೆ ಏಳುತ್ತದೆ. ಚೀನಾದ ಮದ್ದಿನ ಮಾರುಕಟ್ಟೆಯಲ್ಲಿ ಇದರ ಬೆಲೆ ಕಿಲೋಗೆ ಲಕ್ಷಗಳಲ್ಲಿ. ಹಿಮ ಕರಗಿದ ಕೂಡಲೇ, ಮೇ ಜೂನ್ ತಿಂಗಳಲ್ಲಿ, ಊರಿಗೆ ಊರೇ ಗುಡಾರ ಕಟ್ಟಿ ಮಂಡಿಯೂರಿ ಹುಡುಕುತ್ತದೆ. ಒಂದೊಂದು ಹುಳಕ್ಕೂ ಒಂದೊಂದು ಗುಂಡಿ. ಬೇರೆ ದುಡಿಮೆಯಿಲ್ಲದ ಆ ಊರುಗಳನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಅಗೆದ ನೆಲ ಮಾತ್ರ ಮುಚ್ಚಿಕೊಳ್ಳಲು ಬಹಳ ವರ್ಷ ತೆಗೆದುಕೊಳ್ಳುತ್ತದೆ.

ತುದಿಯಿಂದ ಮೇಲಕ್ಕೆ ದಾರಿಯಿಲ್ಲ

ಭೂಮಿ ಬಿಸಿಯಾದಂತೆ ಆ ಆರು ಡಿಗ್ರಿಯ ಗೆರೆ ಮೇಲಕ್ಕೆ ಸರಿಯುತ್ತದೆ. ಕೆಳಗಿನ ಗಿಡಮರಗಳು ಅದರ ಹಿಂದೆ ಹತ್ತುತ್ತವೆ. ಯುರೋಪಿನ 302 ಬೆಟ್ಟದ ತುದಿಗಳಲ್ಲಿ ಹಳಬರು ಬರೆದಿಟ್ಟ ಗಿಡಗಳ ಪಟ್ಟಿಯನ್ನು ಇಂದಿನ ಪಟ್ಟಿಯೊಂದಿಗೆ ಹೋಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಐವತ್ತು ವರ್ಷದ ಹಿಂದೆ ಒಂದು ತುದಿಗೆ ಹತ್ತು ವರ್ಷಕ್ಕೆ ಸರಾಸರಿ ಒಂದು ಹೊಸ ಜಾತಿಯ ಗಿಡ ಬಂದು ಸೇರುತ್ತಿತ್ತು. ಈಚಿನ ದಶಕದಲ್ಲಿ ಐದಕ್ಕಿಂತ ಹೆಚ್ಚು.

ಗಿಡ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಹುಡುಗ ಕೇಳಿದ. ಸದ್ಯಕ್ಕೆ ಲೆಕ್ಕ ಹೆಚ್ಚಾಗಿ ಕಾಣುತ್ತದೆ. ಬರುತ್ತಿರುವವು ಎತ್ತರಕ್ಕೆ, ಬೇಗ ಬೆಳೆಯುವಂಥವು. ಅವುಗಳ ನೆರಳು ಬಿದ್ದರೆ ದಿಂಬುಗಿಡ ಸೊರಗುತ್ತದೆ. ಅದು ಇನ್ನೂ ಮೇಲೆ ಹೋಗಬೇಕು. ಬೆಟ್ಟವೋ ಗೋಪುರದ ಆಕಾರದ್ದು, ಮೇಲೆ ಹೋದಂತೆ ಜಾಗ ಕಿರಿದಾಗುತ್ತದೆ, ತುದಿಯಲ್ಲಿ ಮುಗಿಯುತ್ತದೆ. ಬೇರೆ ಬೆಟ್ಟಕ್ಕೆ ಹೋಗೋಣವೆಂದರೆ ನಡುವೆ ಬಿಸಿ ಕಣಿವೆ. ಸಮುದ್ರದ ನಡುವಿನ ದ್ವೀಪದಲ್ಲಿ ಸಿಕ್ಕಿಕೊಂಡ ಹಾಗೆ.

ಮುಳ್ಳಯ್ಯನಗಿರಿಯ ಹುಲ್ಲು

ನಮ್ಮ ರಾಜ್ಯದಲ್ಲಿ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1930 ಮೀಟರ್. ಆಲ್ಪೈನ್ ಆಗುವಷ್ಟು ಚಳಿ ಅಲ್ಲಿಲ್ಲ. ಆದರೂ ನೆತ್ತಿಯಲ್ಲಿ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಶೋಲಾ ಎಂಬ ಕುಳ್ಳ ಮರಗಳ ದಟ್ಟ ಕಾಡು. ಗಾಳಿ, ತೆಳು ಮಣ್ಣು, ಆಗಾಗ ಬೆಂಕಿ, ನೀಲಗಿರಿ ಬೆಟ್ಟದಂಥ ಕಡೆ ರಾತ್ರಿ ಹೆಪ್ಪುಗಟ್ಟುವ ಇಬ್ಬನಿ: ಹೀಗೆ ಹಲವು ಕಾರಣ ಕೂಡಿ ಬಯಲಿನಲ್ಲಿ ಮರದ ಸಸಿ ಏಳದಂತೆ ಮಾಡುತ್ತವೆ.

ಬ್ರಿಟಿಷರು ಇಂಥ ಹುಲ್ಲುಬೆಟ್ಟಗಳನ್ನು ಪಾಳುಭೂಮಿ ಎಂದು ಬಗೆದು ನೀಲಗಿರಿ ಮರ (ಯೂಕಲಿಪ್ಟಸ್), ವ್ಯಾಟಲ್ ಎಂಬ ಅಕೇಶಿಯಾ ಮರ ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೂ ಅದೇ ಮುಂದುವರಿಯಿತು. ಈ ಹುಲ್ಲು ಕಾಡು ಕಡಿದ ಮೇಲೆ ಬಂದದ್ದಲ್ಲ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ನೀಲಗಿರಿ ಬೆಟ್ಟದ ಜೌಗಿನ ಕೆಸರಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆ ಕೆಸರಿನ ಪದರಗಳಲ್ಲಿ ಉಳಿದ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷದ ಹಿಂದೆಯೂ ಅಲ್ಲಿ ಹುಲ್ಲಿತ್ತು. ಕೊಡಲಿ ಹಿಡಿದ ರೈತ ಹುಟ್ಟುವ ಎಷ್ಟೋ ಮೊದಲು. 2022ರಲ್ಲಿ ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಸಾಲಿನಲ್ಲಿ ಕುರಿಂಜಿ ಅರಳಿದಾಗ ಇಲ್ಲಿಂದಲೂ ಬಸ್ಸು ಮಾಡಿಕೊಂಡು ಹೋಗಿ ನೋಡಿ ಬಂದರಲ್ಲ, ಆ ನೀಲಿ ಅರಳಿದ್ದು ಇಂಥ ಮರವಿಲ್ಲದ ಇಳಿಜಾರಿನಲ್ಲಿಯೇ.

ನಮ್ಮ ಹಾಸುಬಂಡೆಗಳ ಲೆಕ್ಕವೇ ಬೇರೆ

ಈಗ ಮಧುಗಿರಿ, ಸ್ಕಂದಗಿರಿ, ಕೋಲಾರದ ಅಂತರಗಂಗೆ ಬೆಟ್ಟ. ಇಲ್ಲಿ ಮರ ನಿಲ್ಲದಿರುವುದಕ್ಕೂ ಚಳಿಗೂ ಸಂಬಂಧವಿಲ್ಲ. ನಂದಿಯ ನೆತ್ತಿಯಲ್ಲಿ ಮಣ್ಣಿದೆ, ಮಂಜಿನ ತೇವವಿದೆ, ಹಾಗಾಗಿ ಸೊಂಪಾದ ಮರಗಳಿವೆ. ಮಧುಗಿರಿಯ ಏಕಶಿಲೆಯ ಮೇಲೆ ಮಣ್ಣೇ ಇಲ್ಲ. ಅದು 250 ಕೋಟಿ ವರ್ಷ ಹಿಂದೆ ಭೂಗರ್ಭದಲ್ಲಿ ಹೆಪ್ಪುಗಟ್ಟಿದ ಕಲ್ಲು, ಪಾವಗಡದಿಂದ ರಾಮನಗರದವರೆಗೂ ಹರಡಿದ ಒಂದೇ ಗ್ರಾನೈಟ್ ಪಟ್ಟಿಯ ಭಾಗ. ಏಪ್ರಿಲ್ ಮಧ್ಯಾಹ್ನ ಬರಿಗಾಲಿಡಲಾಗದು, ಬಿದ್ದ ಮಳೆ ನಿಮಿಷದಲ್ಲಿ ಜಾರಿಹೋಗುತ್ತದೆ.

ಅಂದರೆ ಕಾರಣ ತದ್ವಿರುದ್ಧ, ಬದುಕುವ ರೀತಿ ಮಾತ್ರ ಅದೇ. ಅಲ್ಲಿ ಬೆಚ್ಚಗಿನ ಮೂರು ತಿಂಗಳು, ಇಲ್ಲಿ ಒದ್ದೆ ಇರುವ ಮೂರು ನಾಲ್ಕು ತಿಂಗಳು. ಬೇಸಿಗೆಯಲ್ಲಿ ಬಂಡೆಯ ಬಿರುಕಿನಲ್ಲಿ ಸುಟ್ಟು ಮುದುಡಿದಂತೆ ಕಾಣುವ ಜರಿಗಿಡ, ಪಾಚಿ ಮೊದಲ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಹಸಿರಾಗಿ ಬಿಚ್ಚಿಕೊಳ್ಳುತ್ತವೆ. ದೊಣೆಗಳ ಅಂಚಿನ ಬೆರಳು ದಪ್ಪದ ಮಣ್ಣಿನಲ್ಲಿ ಹುಲ್ಲು, ನೇರಳೆ ಹೂವಿನ ಪುಟ್ಟ ಗಿಡಗಳು ಏಳುತ್ತವೆ. ಬಂಡೆಯ ಮೈಗೆ ಮೆತ್ತಿದ ಬೂದು ಹಸಿರು ಚಕ್ಕೆ ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಳಗ. ವರ್ಷಕ್ಕೆ ಬೆಳೆಯುವುದು ಒಂದೆರಡು ಮಿಲಿಮೀಟರ್, ಕೆಲವು ಅಷ್ಟೂ ಇಲ್ಲ. ಪ್ರೇಮಿಗಳು ಹೆಸರು ಬರೆಯಲು ಅದನ್ನು ಕೆರೆದರೆ ಅವರ ಮೊಮ್ಮಕ್ಕಳ ಕಾಲಕ್ಕೂ ಅಲ್ಲಿ ಬೋಳು ಕಲ್ಲೇ.

ಕಲ್ಲು, ಕುರುಚಲು ಕೂಡಿದ ಇಳಿಜಾರಿನಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿಯಿದೆ. ಪ್ರಪಂಚದಲ್ಲಿ ಅದು ಇರುವುದು ದಕ್ಷಿಣ ಭಾರತದ ಇಂಥ ಬೆಟ್ಟಗಳಲ್ಲಿ ಮಾತ್ರ. ಅದನ್ನು ನೋಡಲು ದೂರದೂರದವರು ನಂದಿಗೆ ಬರುತ್ತಾರೆ. ಬಂಡೆಯ ಮೇಲೆ ತಲೆ ಆಡಿಸುವ ಗಂಡು ಓತಿಕ್ಯಾತ ಜೋಡಿ ಕಟ್ಟುವ ಕಾಲಕ್ಕೆ ಕೆಂಪೇರುವುದನ್ನು ನಾವೆಲ್ಲ ಕಂಡೇ ಬೆಳೆದವರು. ಈ ಕಲ್ಲನ್ನು ಕ್ವಾರಿಯವರು ಕತ್ತರಿಸಿ ಒಯ್ದರೆ ಬೇರೆ ತರಲಾಗದು. ಕಾಡನ್ನಾದರೂ ಮತ್ತೆ ಬೆಳೆಸಬಹುದು.

ಬರೀ ಬೆಟ್ಟದ ಮಾತೂ ಅಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅಲ್ಲಿಯ ಕೃಷ್ಣಮೃಗಗಳಿಗೆ ಬೇಕಾದ್ದು ಮರದ ನೆರಳಲ್ಲ, ದೂರದವರೆಗೂ ಕಾಣುವ ಬಯಲು.

ಹಾಗಾದರೆ ಗಿಡ ನೆಡುವುದೆಲ್ಲಿ

"ಅಂದ್ರೆ ನಾವು ಮಾಡಿದ್ದೆಲ್ಲ ದಂಡನಾ?" ಎಂದು ಆ ತಾಯಿ ಮಂಕರಿ ಕಡೆ ನೋಡಿದರು.

ದಂಡವಲ್ಲ, ಜಾಗ ನೋಡಬೇಕು ಅಷ್ಟೇ. ಮರವಿದ್ದು ಹೋದ ಜಾಗಕ್ಕೂ ಮೊದಲಿಂದಲೂ ಮರವಿಲ್ಲದ ಜಾಗಕ್ಕೂ ಗುರುತುಗಳಿವೆ. ಹಾರೆ ಹಾಕಿದರೆ ಮೊಳಕೈ ಆಳ ಇಳಿಯುತ್ತದೆಯೇ, ಹಳೆ ಬೊಡ್ಡೆಗಳಿವೆಯೇ, ಆ ಬೊಡ್ಡೆಯಲ್ಲಿ ಜಾಲಾರಿಯೋ ಮತ್ತೊಂದೋ ಚಿಗುರುತ್ತಿದೆಯೇ? ಹಾಗಿದ್ದರೆ ಅದು ಹೋದ ಕಾಡು. ಬೆಂಕಿ ಬೀಳದಂತೆ ನಾಲ್ಕು ವರ್ಷ ಕಾಯ್ದರೆ ಚಿಗುರೇ ಮರವಾಗುತ್ತದೆ. ಬೆರಳು ಇಳಿಯದಷ್ಟು ತೆಳು ಮಣ್ಣು, ಕೆಳಗೆ ಹಾಸುಬಂಡೆ, ಮಳೆಗಾಲದಲ್ಲಿ ಮಾತ್ರ ಏಳುವ ಹುಲ್ಲು ಹೂವು ಇದ್ದರೆ ಅದು ಅದರದೇ ಲೋಕ. ಅಲ್ಲಿ ಎಸೆದ ಬೀಜದುಂಡೆ ಮೊದಲ ಜಡಿಮಳೆಗೆ ತೊಳೆದು ಕೆಳಗೆ ಬರುತ್ತದೆ. ಅನುಮಾನವಿದ್ದರೆ ಬೆಟ್ಟದ ಬುಡದ ಊರಿನಲ್ಲಿ ಕುರಿ ಕಾಯ್ದ ಹಿರಿಯರನ್ನು ಕೇಳಿ. ಯಾವ ಇಳಿಜಾರಿನಲ್ಲಿ ಯಾವ ಮರವಿತ್ತು ಎಂದು ಅವರಿಗೆ ನೆನಪಿರುತ್ತದೆ.

ಹುಡುಗನ ಪ್ರಶ್ನೆ ಬೇರೆ ಇತ್ತು, ಮುಂದಿನ ವರ್ಷ ಮತ್ತೆ ಹೋಗಬಹುದೇ ಎಂದು. ಹೋಗಪ್ಪ ಎಂದೆ. ಕೆಸರಾದರೂ ಇರುವ ದಾರಿಯಲ್ಲೇ ನಡಿ. ಗುಡಾರ ಹಾಕುವುದಿದ್ದರೆ ವೃಕ್ಷರೇಖೆಯ ಕೆಳಗೆ ಹಾಕು. ಕಸ ಹೊತ್ತು ತಾ, ಅಲ್ಲಿನ ಚಳಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಕೂಡ ಬೇಗ ಕೊಳೆಯುವುದಿಲ್ಲ.

ಆ ಭಾನುವಾರ ಮಂಕರಿಗಳು ಸ್ಕಂದಗಿರಿ ತುದಿಗೆ ಹೋಗಲಿಲ್ಲ. ಬೆಟ್ಟದ ನೀರು ಇಳಿದು ಬರುವ ಹಳ್ಳದ ಬದಿಯಲ್ಲಿ, ಮಣ್ಣು ಮೊಳಕಾಲಾಳ ಇರುವ ಕಡೆ, ಹೊಂಗೆ, ಬೇವು, ಹುಣಸೆಯ ಉಂಡೆಗಳನ್ನು ಒಂದೊಂದಾಗಿ ಒತ್ತಿ ಹೂತೆವು. ಮೇಲೆ ಹತ್ತಿದ್ದು ಮಕ್ಕಳು ಮಾತ್ರ, ಬರಿಗೈಯಲ್ಲಿ. ಒಂದು ದೊಣೆಯ ಪಕ್ಕ ಕವುಚಿ ಮಲಗಿ, ಅಂಗೈ ಅಗಲದ ಪಾಚಿಯಲ್ಲಿ ಎಷ್ಟು ಬಗೆಯ ಗಿಡ ಇವೆ ಎಂದು ಎಣಿಸಿದರು. ಏಳಕ್ಕೆ ಬಂದಾಗ ಮಳೆ ಶುರುವಾಯಿತು.